ಎಂಟು ಟನ್ನಿನ ಬೋರ್ಡು

ನಮ್ಮ ರಸ್ತೆಯ ತೈಸ್ತೊನ ಬಗ್ಗೆ ಒಳ್ಳೆಯ ಮಾತಾಡುವವರು ಈ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಅವರ ಪೈಕಿಯವಳಲ್ಲ. ಒಂಬತ್ತು ವರ್ಷ ಆ ಮನುಷ್ಯನ ಜೊತೆ ರಸ್ತೆ ಸಂಘದ ಸಭೆಯಲ್ಲಿ ಬಿಟ್ಟರೆ ಬೇರೆಲ್ಲೂ ಮಾತಾಡಿದವಳಲ್ಲ. ಆದರೂ ಅವನ ಕಥೆ ಹೇಳುವುದಕ್ಕೆ ನನ್ನಷ್ಟು ಅರ್ಹರು ಇಲ್ಲ. ಒಬ್ಬರ ಮೇಲೆ ಅಷ್ಟು ಕಾಲ ಸಿಟ್ಟಿಟ್ಟುಕೊಂಡರೆ ಅವರು ಎಷ್ಟು ಹೊತ್ತಿಗೆ ಎದ್ದರು, ಯಾವ ಟೋಪಿ ಹಾಕಿಕೊಂಡು ಹೊರಟರು, ಎಲ್ಲ ತಾನಾಗಿ ಗೊತ್ತಾಗುತ್ತಾ ಹೋಗುತ್ತದೆ.

ನನ್ನ ಹೆಸರು ಇರ್ಮೆಲಿ. ವಯಸ್ಸು ಎಪ್ಪತ್ತೊಂದು. ಮೂವತ್ತು ವರ್ಷ ಊರ ಶಾಲೆಯ ಅಡಿಗೆಮನೆಯಲ್ಲಿ ಬಟಾಣಿ ಸೂಪು ಕಾಯಿಸಿದವಳು. ನನ್ನ ಮನೆ ಹೌಕಿಲಂಪಿ ರಸ್ತೆಯ ಸರಿಯಾಗಿ ಅರ್ಧಕ್ಕೆ ಇದೆ. ಡಾಂಬರು ದಾರಿಯಿಂದ ಒಳಗೆ ತಿರುಗಿ, ಅಂಚೆ ಡಬ್ಬಗಳ ಸಾಲು ದಾಟಿ, ಕಾಡಿನೊಳಗೆ ಮೂರು ಕಿಲೋಮೀಟರು ಹೋಗುವ ಜಲ್ಲಿ ರಸ್ತೆ ಅದು. ಅದು ಸರ್ಕಾರದ್ದಲ್ಲ. ಅದರ ಮೇಲೆ ಮನೆಯೋ ಕಾಡೋ ಇರುವ ಹದಿನಾರು ಜನ ಸೇರಿ ಸಂಘ ಮಾಡಿಕೊಂಡಿದ್ದೇವೆ. ಜಲ್ಲಿ ಹಾಕಿಸುವವರು ನಾವೇ, ಹಿಮ ತೆಗೆಸುವವರು ನಾವೇ, ಜಗಳ ಆಡುವವರೂ ನಾವೇ. ಅಧ್ಯಕ್ಷ ತೈಸ್ತೊ. ಉಪಾಧ್ಯಕ್ಷೆ ನಾನು. ನನ್ನ ಗಂಡ ಪೆಂತ್ತಿ ತೀರಿಕೊಂಡ ಮರುವರ್ಷ ಆ ಸ್ಥಾನಕ್ಕೆ ನಾನೇ ಕೈ ಎತ್ತಿ ನಿಂತೆ. ತೈಸ್ತೊನ ಕಣ್ಣೆದುರಿಗೆ ವರ್ಷಕ್ಕೊಮ್ಮೆಯಾದರೂ ಕೂತಿರಬೇಕು ಎನ್ನುವುದು ಬಿಟ್ಟರೆ ನನಗೆ ಬೇರೆ ಉದ್ದೇಶ ಇರಲಿಲ್ಲ.

ತೈಸ್ತೊ ಕಾಡಿನ ಕೆಲಸದವನು. ಅವನಪ್ಪ ಕುದುರೆ ಕಟ್ಟಿಕೊಂಡು ದಿಮ್ಮಿ ಎಳೆಯುತ್ತಿದ್ದ. ಇವನು ಹದಿನೇಳಕ್ಕೇ ಅಪ್ಪನ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರಿನ ಹಿಂದೆ ಉಕ್ಕಿನ ಹಗ್ಗದ ಯಂತ್ರ ಕಟ್ಟಿಕೊಂಡು ಮರ ಎಳೆದ. ಮದುವೆಯಾಗಲಿಲ್ಲ. ತಾಯಿ ತೀರಿಕೊಳ್ಳುವವರೆಗೆ ಅವಳ ಜೊತೆಗಿದ್ದ, ಆಮೇಲೆ ಒಬ್ಬನೇ. ಹದಿನೇಳು ವರ್ಷದ ಹಿಂದೆ ದೊಡ್ಡ ಟ್ರ್ಯಾಕ್ಟರು ಕೊಂಡು ಅದರ ಹಿಂದೆ ಚಕ್ಕೆ ಯಂತ್ರ ಕಟ್ಟಿದ. ಅದರ ತಲೆಯ ಮೇಲೊಂದು ಉದ್ದ ತೋಳಿನ ಕ್ರೇನು. ಅದು ಒಣಗಿದ ಸಣ್ಣ ಮರಗಳನ್ನು ಕಂತೆಗಟ್ಟಲೆ ಎತ್ತಿ ಯಂತ್ರದ ಬಾಯಿಗಿಟ್ಟರೆ ಇನ್ನೊಂದು ಕಡೆಯಿಂದ ಹೆಬ್ಬೆರಳು ಗಾತ್ರದ ಚಕ್ಕೆ ಹಾರಿ ಬೀಳುತ್ತದೆ. ಆ ಚಕ್ಕೆ ಸುಟ್ಟೇ ನಮ್ಮ ಶಾಲೆ, ಮಕ್ಕಳ ಮನೆ, ಮುದುಕರ ವಠಾರ ಎಲ್ಲ ಬೆಚ್ಚಗಿರುವುದು. ಇಡೀ ಸರಂಜಾಮು ಸೇರಿ ಇಪ್ಪತ್ತೈದು ಟನ್ ತೂಗುತ್ತದೆ.

ಯಂತ್ರ ನಡೆಸುವುದೇ ಅವನ ಕೆಲಸ ಎಂದು ಜನ ತಿಳಿದಿದ್ದಾರೆ. ಸುಳ್ಳು. ಯಂತ್ರವನ್ನು ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಸಾಗಿಸುವುದೇ ಅವನ ಕೆಲಸ. ಚಕ್ಕೆ ಮಾಡುವುದು ಮೂರು ಗಂಟೆ, ದಾರಿ ನಾಲ್ಕು ಗಂಟೆ. ಗಂಟೆಗೆ ನಲವತ್ತು ಕಿಲೋಮೀಟರು ದಾಟುವಂತಿಲ್ಲ. ಹಿಂದೆ ಹತ್ತು ಹದಿನೈದು ಕಾರು ಸಾಲುಗಟ್ಟಿ ಹಾರ್ನು ಬಡಿಯುತ್ತಿರುತ್ತವೆ. ತೈಸ್ತೊ ಸಿಕ್ಕ ಸಿಕ್ಕ ಬಸ್ ನಿಲ್ದಾಣದಲ್ಲೆಲ್ಲ ಪಕ್ಕಕ್ಕೆ ಸರಿದು ಅವರನ್ನು ಮುಂದೆ ಬಿಡುತ್ತಾನೆ. ಎರಡೇ ಕಾರು ಇದ್ದರೂ ಬಿಡುತ್ತಾನೆ. ನಾನೇ ಒಂದು ಸಲ ಅವನ ಹಿಂದೆ ಸಿಕ್ಕಿಕೊಂಡಿದ್ದೆ. ಪಕ್ಕಕ್ಕೆ ನಿಂತು ಕೈ ಬೀಸಿ ಹೋಗೆಂದ. ನಾನು ಬೇಕೆಂದೇ ಹೋಗಲಿಲ್ಲ. ಇಬ್ಬರೂ ಆ ಬಸ್ ನಿಲ್ದಾಣದಲ್ಲಿ ಏಳೆಂಟು ನಿಮಿಷ ಸುಮ್ಮನೆ ನಿಂತಿದ್ದೆವು.

ಅವನ ಟ್ರ್ಯಾಕ್ಟರಿನಲ್ಲಿ ಮೂರು ವಸ್ತು ಸದಾ ಇರುತ್ತವೆ. ಒಂದು, ಹೊರಗೆ ಪಕ್ಕಕ್ಕೆ ಕಟ್ಟಿದ ಬರ್ಚ್ ಮರದ ಉದ್ದ ಗಳ, ಅದರಲ್ಲಿ ಯಂತ್ರದ ಎತ್ತರಕ್ಕೆ, ನಾಲ್ಕು ಮೀಟರು ಇಪ್ಪತ್ತು ಸೆಂಟಿಮೀಟರಿಗೆ, ಒಂದು ಕಚ್ಚು. ಒಮ್ಮೆ ಯಾರದೋ ಅಂಗಳದಲ್ಲಿ ಕ್ರೇನು ತಗಲಿ ಟೆಲಿಫೋನ್ ತಂತಿ ಕಿತ್ತುಕೊಂಡು ಬಂದಿತ್ತು. ಅಂದಿನಿಂದ ತಂತಿ ಕಂಡಲ್ಲೆಲ್ಲ ಇಳಿದು ಆ ಗಳ ಎತ್ತಿ ಅಳೆಯುತ್ತಾನೆ. ಎರಡನೆಯದು ಮೊನಚಾದ ಕಬ್ಬಿಣದ ಸಲಾಕೆ, ಮಣ್ಣು ಎಷ್ಟು ಮೆತ್ತಗಿದೆ ಎಂದು ಚುಚ್ಚಿ ನೋಡುವುದಕ್ಕೆ. ಮೂರನೆಯದು ಎಣ್ಣೆ ಕಲೆಯ ಪುಸ್ತಕ. ಸುತ್ತಲಿನ ನಲವತ್ತು ಖಾಸಗಿ ರಸ್ತೆಗಳ ಪ್ರತಿಯೊಂದು ಮೋರಿ, ಪ್ರತಿಯೊಂದು ತಿರುವು, ಯಾವುದು ಎಷ್ಟು ಹೊರುತ್ತದೆ ಎನ್ನುವುದು ಅದರಲ್ಲಿದೆ. ಇಷ್ಟು ಜೋಪಾನದ ಮನುಷ್ಯನ ಮೇಲೆ ನಿಮಗೇನು ಕೋಪ ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ: ಆ ಜೋಪಾನದ ಮೇಲೇ ನನ್ನ ಕೋಪ.

ಏಪ್ರಿಲ್ ಬಂತೆಂದರೆ ನಮ್ಮ ರಸ್ತೆ ಕರಗುತ್ತದೆ. ಚಳಿಗಾಲವಿಡೀ ಕಲ್ಲಿನಂತಿದ್ದ ನೆಲದೊಳಗಿನ ಹಿಮ ನೀರಾಗಿ, ಮೇಲೆ ಜಲ್ಲಿ, ಕೆಳಗೆ ಗಂಜಿ. ಭಾರದ ಗಾಡಿ ಒಂದು ಹೋದರೂ ಸಾಕು, ಬೇಸಿಗೆಯಿಡೀ ರಿಪೇರಿ. ಅದಕ್ಕೇ ಐದಾರು ವಾರ ಅಂಚೆ ಡಬ್ಬಗಳ ಪಕ್ಕದಲ್ಲಿ ಬೋರ್ಡು ನಿಲ್ಲುತ್ತದೆ: ಎಂಟು ಟನ್ನಿಗಿಂತ ಭಾರದ ಗಾಡಿ ಒಳಗೆ ಬರುವಂತಿಲ್ಲ. ತೀರಾ ಅಗತ್ಯವಿದ್ದವರು ಅಧ್ಯಕ್ಷನಿಗೆ ಅರ್ಜಿ ಕೊಡಬೇಕು, ಅಧ್ಯಕ್ಷ ಹೂಂ ಅಥವಾ ಇಲ್ಲ ಎಂದು ಬರೆದುಕೊಡಬೇಕು. ಈ ನಿಯಮ ಬರೆದವನೂ ತೈಸ್ತೊನೇ.

ಒಂಬತ್ತು ವರ್ಷದ ಹಿಂದೆ ಅಂಥ ಒಂದು ಅರ್ಜಿ ನಾನು ಕೊಟ್ಟಿದ್ದೆ. ನನ್ನ ಗಂಡ ಪೆಂತ್ತಿಗೆ ಶ್ವಾಸಕೋಶದ ಕಾಯಿಲೆ. ಆಸ್ಪತ್ರೆಯವರು ಕೈಬಿಟ್ಟು ಮನೆಗೆ ಕಳಿಸಿದ್ದರು. ಹಿಂದಿನ ಶರತ್ಕಾಲದಲ್ಲೇ ಅವರು ಹೊಸ ಸೌನಾಕ್ಕೆ, ಅಂದರೆ ಅಂಗಳದ ಹಬೆಸ್ನಾನದ ಮನೆಗೆ, ದಿಮ್ಮಿಗಳನ್ನು ಹೇಳಿಟ್ಟಿದ್ದರು. ಎಪ್ಪತ್ತು ದಿಮ್ಮಿ, ಕೊಯ್ದು, ಕಚ್ಚು ಹಾಕಿ, ತುದಿಗೆ ನಂಬರು ಬರೆದು ತಯಾರಾಗಿದ್ದವು. ಹಳೆಯ ಸೌನಾದ ನೆಲ ಕೊಳೆತಿತ್ತು. ಹೊಸದರಲ್ಲಿ ಒಂದೇ ಒಂದು ಶನಿವಾರ ಮೇಲಿನ ಬೆಂಚಿನಲ್ಲಿ ಕೂತು, ಬಿಸಿ ಕಲ್ಲಿನ ಮೇಲೆ ನೀರೆರಚಿ, ಹಬೆ ಬೆನ್ನಿಗೆ ಬಡಿಯುವುದನ್ನು ನೋಡಬೇಕು ಎಂದು ಆಸೆ. ಬೇರೆ ಏನೂ ಕೇಳಲಿಲ್ಲ ಆ ಮನುಷ್ಯ. ನನ್ನ ಅಣ್ಣನ ಮಗ ನಾಲ್ಕು ದಿನದಲ್ಲಿ ಗೋಡೆ ಎಬ್ಬಿಸಿಕೊಡುತ್ತೇನೆ ಎಂದು ರಜೆ ಹಾಕಿ ಕಾದಿದ್ದ.

ಲಾರಿ ಏಪ್ರಿಲ್ ಇಪ್ಪತ್ತಕ್ಕೆ ಬಂತು. ತೈಸ್ತೊ ಬೋರ್ಡಿನ ಹತ್ತಿರ ನಿಂತಿದ್ದ. ನನ್ನ ಅರ್ಜಿಯ ಕೆಳಗೆ ಬರೆದ: "ರಸ್ತೆ ಹೊರುವುದಿಲ್ಲ. ಇಲ್ಲ." ಸಹಿ ಹಾಕಿದ. ಲಾರಿ ಹಿಂದಕ್ಕೆ ತಿರುಗಲು ಕೈ ಬೀಸಿ ದಾರಿ ತೋರಿಸಿದವನೂ ಅವನೇ. ದಿಮ್ಮಿಗಳು ಅರವತ್ತು ಕಿಲೋಮೀಟರು ದೂರದ ಕೊಯ್ಯುವ ಮಿಲ್ಲಿಗೆ ವಾಪಸು ಹೋದವು. ಪೆಂತ್ತಿ ಮೇ ಇಪ್ಪತ್ತೈದಕ್ಕೆ ಹೋದರು. ದಿಮ್ಮಿಗಳು ಜೂನಿನಲ್ಲಿ ಬಂದವು. ಹೊಸ ಸೌನಾದಲ್ಲಿ ಮೊದಲ ಶನಿವಾರ ನಾನೊಬ್ಬಳೇ ಕೂತು ಅತ್ತೆ. ಆ ಕಾಗದ ಈಗಲೂ ನನ್ನ ಅಡಿಗೆಮನೆಯ ಸೆಳೆಖಾನೆಯಲ್ಲಿ, ಕಾಫಿ ಡಬ್ಬದ ಅಡಿಯಲ್ಲಿದೆ.

ಈಗ ಈ ವರ್ಷದ ಏಪ್ರಿಲ್ಲಿಗೆ ಬರುತ್ತೇನೆ. ಶಾಲೆಯ ಬಿಸಿನೀರಿನ ಬಾಯ್ಲರು ನೋಡಿಕೊಳ್ಳುವ ಎಸ್ಕೊನ ಹತ್ತಿರ ಚಕ್ಕೆ ಮಂಗಳವಾರದವರೆಗೆ ಮಾತ್ರ ಇತ್ತು. ಚಕ್ಕೆ ಮುಗಿದರೆ ಎಣ್ಣೆಯ ಬಾಯ್ಲರು ಹಚ್ಚಬೇಕು. ಈ ಚಳಿಗಾಲದಲ್ಲಿ ಎರಡು ಸಲ ಹಾಗಾಗಿತ್ತು. ಮೂರನೆಯ ಸಲ ಆದರೆ ಶಾಲೆ ಕಾಯಿಸುವ ಕೆಲಸವನ್ನು ಪಟ್ಟಣದ ದೊಡ್ಡ ಲಾರಿಗಳ ಕಂಪನಿಗೆ ಕೊಡುತ್ತೇವೆ ಎಂದು ಪಂಚಾಯಿತಿಯವರು ಕಡ್ಡಿ ಮುರಿದಂತೆ ಹೇಳಿದ್ದರು. ಹಾಗಾದರೆ ತೈಸ್ತೊನ ಕಥೆ ಮುಗಿದಂತೆ. ಅರವತ್ತನಾಲ್ಕರ ಒಂಟಿ ಮನುಷ್ಯನನ್ನು, ಗಂಟೆಗೆ ನಲವತ್ತರಲ್ಲಿ ತೆವಳುವ ಯಂತ್ರವನ್ನು, ಇನ್ನು ಯಾರು ಕರೆಯುತ್ತಾರೆ? ಒಣಗಿದ ಮರದ ಕೊನೆಯ ರಾಶಿ ಇದ್ದದ್ದು ನಮ್ಮ ಹೌಕಿಲಂಪಿ ರಸ್ತೆಯ ಆ ತುದಿಯಲ್ಲಿ. ಯಂತ್ರ ಇದ್ದದ್ದು ಎಪ್ಪತ್ತು ಕಿಲೋಮೀಟರು ದೂರದ ಇನ್ನೊಂದು ಕಾಡಿನಲ್ಲಿ.

ಬುಧವಾರವೇ ಹೊರಡಬೇಕಿತ್ತು. ಕ್ರೇನಿನ ಎಣ್ಣೆ ಪೈಪು ಒಡೆಯಿತು. ಹೊಸ ಪೈಪಿಗೆ ಅರ್ಧ ದಿನ ಹೋಯಿತು. ಗುರುವಾರ ಬೆಳಿಗ್ಗೆ ಆರು ಗಂಟೆಗೆ ಅವನು ಕಾರಿನಲ್ಲಿ ಬಂದು ನಮ್ಮ ರಸ್ತೆಗೆ ಸಲಾಕೆ ಚುಚ್ಚಿ ನೋಡಿದ. ಒಂದು ಗೇಣು ಸಲೀಸಾಗಿ ಇಳಿಯಿತು. ಈ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ಶೆಡ್ಡಿನಿಂದ ಬೋರ್ಡು ತಂದು ನಿಲ್ಲಿಸಿದ. ಆಮೇಲೆ ಯಂತ್ರ ತರಲು ಹೋದ. ದಾರಿಯಲ್ಲಿ ಸೇತುವೆ ರಿಪೇರಿ, ಬಳಸುದಾರಿ, ಪ್ರತಿ ನಿಲ್ದಾಣದಲ್ಲೂ ಕಾರುಗಳಿಗೆ ದಾರಿ. ಮಧ್ಯಾಹ್ನ ಮೂರಕ್ಕೆ ಅಂಚೆ ಡಬ್ಬಗಳ ಹತ್ತಿರ ಬಂದು, ಇಪ್ಪತ್ತೈದು ಟನ್ನಿನ ಯಂತ್ರ ಕಟ್ಟಿಕೊಂಡು, ತಾನೇ ಹಾಕಿದ ಬೋರ್ಡಿನ ಮುಂದೆ ನಿಂತ.

ನಾನು ಪತ್ರಿಕೆ ತರಲು ಹೋಗಿದ್ದೆ. ಎಸ್ಕೊನೂ ಕಾರು ನಿಲ್ಲಿಸಿಕೊಂಡು ಅಲ್ಲೇ ಕೂಗಾಡುತ್ತಿದ್ದ.

"ಅಲ್ಲ ಮಾರಾಯ, ಯಂತ್ರ ಒಳಗೆ ತಂದ ಮೇಲೆ ಬೋರ್ಡು ನೆಡಬಾರದಿತ್ತಾ? ನಿನ್ನ ಕೈ ಏನು ತುರಿಸ್ತಿತ್ತಾ?"

"ಸಲಾಕೆ ಬೆಳಿಗ್ಗೆನೇ ಇಳೀತು."

"ಇಳೀಲಿ! ನೋಡಿದ್ದು ನೀನೊಬ್ಬನೇ ತಾನೆ?"

"ನೋಡಿದೆ ಅಲ್ವಾ," ಎಂದ ತೈಸ್ತೊ.

ಎಸ್ಕೊ ಟೋಪಿ ತೆಗೆದು ನೆಲಕ್ಕೆ ಬಡಿದ. "ಸರಿ, ಈಗ ನೀನೇ ಅಧ್ಯಕ್ಷ. ನಿನಗೆ ನೀನೇ ಪರವಾನಗಿ ಬರೆದುಕೋ. ಪೆನ್ನು ನಾನು ಕೊಡ್ತೀನಿ."

"ನನ್ನ ವಿಷಯಕ್ಕೆ ನಾನೇ ತೀರ್ಮಾನ ಮಾಡೋ ಹಾಗಿಲ್ಲ. ಅದು ಉಪಾಧ್ಯಕ್ಷರ ಕೆಲಸ."

ಇಬ್ಬರೂ ತಿರುಗಿ ನನ್ನ ಕಡೆ ನೋಡಿದರು. ನಾನು ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದೆ. ಒಂಬತ್ತು ವರ್ಷದಲ್ಲಿ ಅಷ್ಟು ಹಗುರಾಗಿ ನಾನು ಆ ರಸ್ತೆಯಲ್ಲಿ ನಡೆದಿರಲಿಲ್ಲ, ಸುಳ್ಳು ಹೇಳುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತಟ್ಟಿದ. ಬೂಟು ಕಳಚಿ, ಕಾಲುಚೀಲದಲ್ಲಿ ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತ. ಕೈಯಲ್ಲಿ ಅರ್ಜಿ, ಅಕ್ಷರ ಗುಂಡಗೆ. ನಾನು ಕಾಫಿ ಕೊಟ್ಟೆ. ಬನ್ನು ಕೊಡಲಿಲ್ಲ. ಏಲಕ್ಕಿ ಬನ್ನು ಆಗ ತಾನೇ ಬೇಯಿಸಿದ್ದೆ, ಮನೆಯೆಲ್ಲ ಘಮಘಮ ಅನ್ನುತ್ತಿತ್ತು. ಕಾಫಿಯ ಪಕ್ಕದಲ್ಲಿ ಬನ್ನು ಇಲ್ಲ ಎಂದರೆ ನಮ್ಮಲ್ಲಿ ಬಾಯಿ ಬಿಟ್ಟು ಹೇಳಬೇಕಾದ್ದು ಏನೂ ಉಳಿಯುವುದಿಲ್ಲ. ಅವನು ಖಾಲಿ ತಟ್ಟೆ ನೋಡಿದ, ಕಾಫಿ ಕುಡಿದ.

"ಉಪಾಧ್ಯಕ್ಷರ ಹತ್ರ ಬಂದಿದೀನಿ," ಎಂದ.

"ಗೊತ್ತಾಯ್ತು, ಹೇಳು."

"ರಸ್ತೇಲಿ ಎರಡು ಜಾಗ ಮೆತ್ತಗಿದೆ. ಒಂದು ನಿನ್ನ ಗೇಟಿನ ಹತ್ರದ ಮೋರಿ. ಅಲ್ಲಿ ದಪ್ಪ ಹಲಗೆ ಹಾಸ್ತೀನಿ. ಒಂದು ಸಲ ಒಳಗೆ, ಒಂದು ಸಲ ಹೊರಗೆ. ಹಾಳಾದ್ದನ್ನ ಬೇಸಿಗೇಲಿ ನನ್ನ ಕೈಯಾರೆ ಸರಿ ಮಾಡ್ತೀನಿ."

"ಪೆಂತ್ತಿಯ ಲಾರಿಗೂ ಹಲಗೆ ಹಾಸಬಹುದಿತ್ತು."

ಅವನು ಬಟ್ಟಲು ಕೆಳಗಿಟ್ಟ. ಒಂಬತ್ತು ವರ್ಷದಲ್ಲಿ ಆ ಹೆಸರು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು.

"ಆ ವರ್ಷ ಹತ್ತು ಕಡೆ ಮೆತ್ತಗಿತ್ತು, ಇರ್ಮೆಲಿ. ಮೋರಿ ಒಡೆದುಹೋಗ್ತಿತ್ತು."

ನಾನು ಪೆನ್ನು ಎತ್ತಿಕೊಂಡೆ. "ನೋಡು ತೈಸ್ತೊ, ನನಗೆ ಒಂದೇ ಮಾತು ಸಾಕು. ಆ ವರ್ಷವೂ ಹೂಂ ಅನ್ನಬಹುದಿತ್ತು ಅಂತ ಹೇಳು. ಅಷ್ಟು ಹೇಳು, ಈ ಕ್ಷಣ ಸಹಿ ಹಾಕ್ತೀನಿ. ನಿನ್ನ ಯಂತ್ರ ಒಳಗೆ ಹೋಗ್ಲಿ, ಶಾಲೆ ಬೆಚ್ಚಗಿರ್ಲಿ."

ಬೇರೆ ಯಾರಾದರೂ ಆಗಿದ್ದರೆ ಹೇಳಿಬಿಡುತ್ತಿದ್ದರು. ಸುಳ್ಳಾದರೂ ಹೇಳುತ್ತಿದ್ದರು, ಮುದುಕಿಯ ಸಮಾಧಾನಕ್ಕೆ. ತೈಸ್ತೊ ನನ್ನ ಮುಖ ನೋಡಿದ, ಕಿಟಕಿಯಾಚೆ ರಸ್ತೆ ನೋಡಿದ.

"ಅನ್ನೋಕೆ ಆಗ್ತಿರಲಿಲ್ಲ," ಎಂದ. "ರಸ್ತೆ ಹೊರ್ತಿರಲಿಲ್ಲ."

ಸೆಳೆಖಾನೆ ಎಳೆದು ಹಳೆಯ ಕಾಗದ ತೆಗೆದು ಅವನ ಮುಂದಿಟ್ಟೆ. ಅದರಲ್ಲಿದ್ದುದನ್ನೇ ಅಕ್ಷರ ಬಿಡದೆ ಹೊಸ ಕಾಗದಕ್ಕೆ ಇಳಿಸಿದೆ: ರಸ್ತೆ ಹೊರುವುದಿಲ್ಲ. ಇಲ್ಲ. ಉಪಾಧ್ಯಕ್ಷೆ, ಸಹಿ. ಅವನು ಎರಡನ್ನೂ ಓದಿದ. ಹೊಸದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ.

"ಸರಿಯಾಗಿ ಬರೆದಿದೀಯ," ಎಂದ. ವ್ಯಂಗ್ಯವಲ್ಲ, ನಿಜವಾಗಿಯೂ ಹಾಗೆಂದ. ಬೂಟು ಹಾಕಿಕೊಂಡು ಹೋದ. ಅವನು ಎರಡು ಮಾತು ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಬಾಗಿಲು ಹಾಕಿಕೊಂಡು ನಾಲ್ಕು ಬನ್ನು ಒಟ್ಟಿಗೆ ತಿಂದೆ, ಹೊಟ್ಟೆನೋವು ಬಂತು.

ಸಂಜೆ ಎಸ್ಕೊನ ಫೋನು. "ಇರ್ಮೆಲಿ, ಮೂವತ್ತು ವರ್ಷ ಆ ಶಾಲೆ ಮಕ್ಕಳಿಗೆ ಉಣ್ಣಿಸಿದವಳು ನೀನು. ಈಗ ಅವಕ್ಕೆ ಚಳಿ ಹಿಡಿಸ್ತೀಯಾ?"

"ಚಳಿ ಯಾಕೆ ಹಿಡಿಯುತ್ತೆ? ಎಣ್ಣೆ ಇದೆಯಲ್ಲ ನಿನ್ನ ಹತ್ರ."

"ಎಣ್ಣೆ ಹಚ್ಚಿದ ದಿನ ತೈಸ್ತೊ ಯಂತ್ರ ಮಾರಬೇಕು. ನಿನಗೆ ಗೊತ್ತಿಲ್ವಾ?"

"ಬೋರ್ಡು ಹಾಕಿದ್ದು ನಾನಲ್ಲ," ಎಂದು ಫೋನಿಟ್ಟೆ. ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದೆ. ಅವನಿಗೂ ಒಂದು ಸಲ ಗೊತ್ತಾಗಲಿ ಅನ್ನಿಸಿತ್ತು. ಒಂದು ಕಾಗದದ ತುಂಡು ಮನುಷ್ಯನ ಕೊನೆಯ ಆಸೆಯನ್ನು ಹೇಗೆ ಕಿತ್ತುಕೊಳ್ಳುತ್ತದೆ ಎನ್ನುವುದು.

ಶನಿವಾರ ಬೆಳಿಗ್ಗೆ ಐದಕ್ಕೆ ಒಂದು ಸದ್ದು ಕೇಳಿ ಎಚ್ಚರವಾಯಿತು. ದೊಡ್ಡ ಯಂತ್ರದ ಗುಡುಗಲ್ಲ, ಟಕಟಕಟಕ ಎನ್ನುವ ಹಳೆಯ ಸದ್ದು. ಏಪ್ರಿಲ್ಲಿನಲ್ಲಿ ಐದಕ್ಕೇ ಬೆಳಕು ಬಂದಿರುತ್ತದೆ. ಪರದೆ ಸರಿಸಿದೆ. ರಾತ್ರಿಯ ಚಳಿಗೆ ರಸ್ತೆಯ ಮೇಲ್ಮೈ ಬೆಳ್ಳಗೆ ಗಟ್ಟಿಯಾಗಿತ್ತು. ತೈಸ್ತೊನ ಅಪ್ಪನ ಬೂದು ಟ್ರ್ಯಾಕ್ಟರು ರಾಶಿಯ ಕಡೆಯಿಂದ ಬರುತ್ತಿತ್ತು. ಹಿಂದೆ ಪುಟ್ಟ ಕ್ರೇನಿನ ಸಣ್ಣ ಟ್ರೈಲರು. ಅದರಲ್ಲಿ ಒಂದಿಷ್ಟು ಮರ, ಸರಪಳಿ ಕಟ್ಟಿ. ಅವನು ನನ್ನ ಕಿಟಕಿ ನೋಡಿ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಎತ್ತಿದ. ನಮ್ಮಲ್ಲಿ ಅದೇ ನಮಸ್ಕಾರ. ಹೀಗೆ ಹೋದ, ಮರವನ್ನು ಬೋರ್ಡಿನಾಚೆ ದೊಡ್ಡ ಯಂತ್ರದ ಪಕ್ಕದಲ್ಲಿ ಇಳಿಸಿದ, ಮತ್ತೆ ಬಂದ, ಮತ್ತೆ ಹೋದ. ಎರಡನೆಯ ಸಲವೂ ಬೆರಳು ಎತ್ತಿದ. ಮೂರನೆಯ ಸಲದಿಂದ ಎತ್ತಲಿಲ್ಲ. ನನ್ನ ಮನೆ ಬಂದ ಕೂಡಲೇ ಮುಖ ಆ ಕಡೆ ತಿರುಗಿಸಿಕೊಂಡು ಹೋಗತೊಡಗಿದ.

ಅಹಂಕಾರ ನೋಡು, ಎಂದುಕೊಂಡೆ. ನನ್ನ 'ಇಲ್ಲ'ವನ್ನು ಮೂಲೆಗೆ ತಳ್ಳಿ ದಾರಿ ಹುಡುಕಿಕೊಂಡ, ಈಗ ಮುಖವನ್ನೂ ತೋರಿಸುವುದಿಲ್ಲ. ಒಂಬತ್ತೂವರೆಗೆ ಬಿಸಿಲು ಏರಿ ರಸ್ತೆ ಮೆತ್ತಗಾಗುತ್ತಲೇ ನಿಲ್ಲಿಸಿದ. ಐದು ಲೋಡು ಆಗಿತ್ತು. ದಿನವಿಡೀ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವನು ಮೋಸ ಮಾಡುತ್ತಿರಬೇಕು, ಎಂಟು ಟನ್ ಮೀರಿರಬೇಕು, ಹಿಡಿದು ಹಾಕಬೇಕು ಎಂದು ನಿರ್ಧರಿಸಿದೆ.

ಭಾನುವಾರ ಬೆಳಿಗ್ಗೆ ರಾತ್ರಿಯುಡುಪಿನ ಮೇಲೆ ಪೆಂತ್ತಿಯ ಹಳೆಯ ಕೋಟು ಹಾಕಿಕೊಂಡು, ಬೂಟು ತೊಟ್ಟು, ರಸ್ತೆಯ ನಡುವೆ ಹೋಗಿ ನಿಂತೆ. ಟ್ರ್ಯಾಕ್ಟರು ನಿಂತಿತು.

"ತೂಕ ಎಷ್ಟು?" ಎಂದೆ.

"ಟ್ರ್ಯಾಕ್ಟರು ಎರಡೂವರೆ. ಟ್ರೈಲರು ಒಂದು. ಮರ ಒಂದೂವರೆ. ಒಟ್ಟು ಐದು ಟನ್."

"ಅಷ್ಟೇ ಅಂತ ನಾನು ಹೇಗೆ ನಂಬಲಿ?"

"ಎಣಿಸಿ ನೋಡು," ಎಂದ. ಇಂಜಿನ್ ಆರಿಸಿದ. ಮುಖ ಮಾತ್ರ ಎತ್ತಲಿಲ್ಲ.

ನಾನು ಎಣಿಸುವವಳೇ. ಟ್ರೈಲರಿನ ಹಿಂದೆ ಹೋದೆ. ಮರಗಳು ಉದ್ದುದ್ದಕ್ಕೆ ಮಲಗಿದ್ದವು, ತುದಿಗಳೆಲ್ಲ ನನ್ನ ಕಡೆಗೆ. ಒಂದು, ಎರಡು, ಮೂರು ಎಂದು ಬೆರಳಿಟ್ಟು ಎಣಿಸುತ್ತಾ ಹೋದೆ. ಪೆಂತ್ತಿಯ ದಿಮ್ಮಿಗಳ ತುದಿಯಲ್ಲಿ ನಂಬರು ಇದ್ದವು. ಜೂನಿನಲ್ಲಿ ಅವು ಅಂಗಳಕ್ಕೆ ಬಂದಾಗ ನಾನು ಹೀಗೇ ಬೆರಳಿಟ್ಟು ಎಣಿಸಿದ್ದೆ. ಹನ್ನೊಂದರ ಹತ್ತಿರ ನನ್ನ ಬೆರಳು ನಿಂತುಹೋಯಿತು.

ಆ ವರ್ಷ ಲಾರಿ ಒಳಗೆ ಬರುವುದು ಬೇಕಾಗೇ ಇರಲಿಲ್ಲ. ದಿಮ್ಮಿಗಳನ್ನು ಬೋರ್ಡಿನ ಹತ್ತಿರ ಇಳಿಸಿ ಹೋಗಿದ್ದರೆ ಸಾಕಿತ್ತು.

ಮುಂದಕ್ಕೆ ಬಂದಾಗ ಅವನು ಇಳಿದು ಚಕ್ರದ ಪಕ್ಕದಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿತ್ತು.

"ಆ ವರ್ಷ ಈ ಟ್ರ್ಯಾಕ್ಟರು ನಿನ್ನ ಹತ್ರ ಇತ್ತಾ?" ಎಂದೆ.

"ಇತ್ತು. ಶೆಡ್ಡಲ್ಲಿ."

"ಟ್ರೈಲರು?"

"ಅದೂ ಇತ್ತು."

"ಮತ್ತೆ? ಮತ್ತೆ ಯಾಕೆ ಹೇಳಲಿಲ್ಲ ನೀನು? ಅಲ್ಲಿ ನಿಂತು ಲಾರಿಗೆ ಕೈ ಬೀಸಿದೆಯಲ್ಲ ಪಾಪಿ, ಒಂದು ಮಾತು ಯಾಕೆ ಹೇಳಲಿಲ್ಲ?"

"ಹೊಳೀಲಿಲ್ಲ." ಅವನು ಟೋಪಿಯ ಅಂಚು ತಿರುವುತ್ತಿದ್ದ. "ರಸ್ತೆ ಹೊರುತ್ತಾ ಅಂತ ನೀನು ಕೇಳಿದೆ. ಹೊರಲ್ಲ ಅಂದೆ. ನನ್ನ ಕೆಲಸ ಮುಗೀತು ಅಂದುಕೊಂಡೆ. ಈಗ ನೀನು ನನಗೆ ಇಲ್ಲ ಅಂದಾಗ ಮನೇಗೆ ಹೋಗಿ ರಾತ್ರಿಯೆಲ್ಲ ಕೂತು ಯೋಚನೆ ಮಾಡಿದೆ. ನನ್ನದೇ ಕೆಲಸ ಹೋಗೋದು, ಅದಕ್ಕೆ ಯೋಚನೆ ಬಂತು. ಬೇರೆಯವರದ್ದಾದಾಗ ಬರಲಿಲ್ಲ. ನಿನ್ನೆ ಮೂರನೇ ಲೋಡು ತರ್ತಾ ನಿನ್ನ ಸೌನಾ ಕಣ್ಣಿಗೆ ಬಿತ್ತು. ಆಗ ಗೊತ್ತಾಯ್ತು. ಆಮೇಲೆ ಈ ಕಡೆ ತಲೆ ಎತ್ತೋಕೆ ಆಗಲಿಲ್ಲ."

ನಾನೂ ಕೇಳಬಹುದಿತ್ತು. ಅದನ್ನು ಅವನಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಲಾರಿ ಒಳಗೆ ಬರಬಾರದು ಅಂತೀಯ, ಸರಿ, ಹಾಗಾದರೆ ದಿಮ್ಮಿಗಳನ್ನು ನಾನು ಹೇಗೆ ತರಲಿ ಎಂದು ಆ ದಿನ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕಾಗದ ಕಿತ್ತುಕೊಂಡು, ತುಟಿ ಬಿಗಿದು, ಸೆಟೆದುಕೊಂಡು ಮನೆಗೆ ಬಂದೆ. ನನ್ನ ಅಣ್ಣನ ಮಗನೂ ಕೇಳಲಿಲ್ಲ, ಲಾರಿಯವನೂ ಕೇಳಲಿಲ್ಲ. ಬೋರ್ಡು ಅಂದರೆ ಬೋರ್ಡು, ಇಲ್ಲ ಅಂದರೆ ಇಲ್ಲ, ನಾವು ಹಾಗೇ ಬೆಳೆದವರು. ಪೆಂತ್ತಿ ಹಾಸಿಗೆಯಿಂದ ಕೇಳಿದ್ದರು, "ಏನಂದ ತೈಸ್ತೊ?" ಎಂದು. ಇಲ್ಲವಂತೆ, ಎಂದಿದ್ದೆ. ಸರಿ ಬಿಡು, ಎಂದು ಗೋಡೆಯ ಕಡೆ ತಿರುಗಿದ್ದರು.

"ಎಷ್ಟು ಲೋಡು ಆಗ್ತಿತ್ತು?" ಎಂದೆ.

ಅವನು ತಡಮಾಡಲಿಲ್ಲ. ಮೊದಲೇ ಲೆಕ್ಕ ಹಾಕಿಟ್ಟಿದ್ದ. "ಏಳು. ಎರಡು ಬೆಳಗು."

ಪೆಂತ್ತಿ ಆಮೇಲೆ ಮೂವತ್ತೈದು ದಿನ ಬದುಕಿದ್ದರು.

ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಆ ಕೋಟಿನ ಉದ್ದ ತೋಳಿನೊಳಗೆ ನನ್ನ ಕೈ ಸಿಕ್ಕುತ್ತಲೇ ಇರಲಿಲ್ಲ. ಸೂರ್ಯ ಮರಗಳ ಮೇಲೆ ಬಂದಿದ್ದ. ಕಾಲ ಕೆಳಗೆ ರಸ್ತೆ ಆಗಲೇ ಒದ್ದೆಯಾಗತೊಡಗಿತ್ತು.

"ಇನ್ನೂ ಎಷ್ಟಿದೆ?" ಎಂದೆ.

"ಇದು ಬಿಟ್ಟು ಒಂಬತ್ತು."

"ಮತ್ತೆ ಇಲ್ಲೇನು ಕಂಬದ ಹಾಗೆ ನಿಂತಿದೀಯ? ನೆಲ ಕರಗ್ತಿದೆ, ಕಾಣಲ್ವಾ? ನಡಿ."

ಅವನು ಹೋದ. ಭಾನುವಾರ, ಸೋಮವಾರ ಎರಡು ದಿನವೂ ನಾನು ಮೋರಿಯ ಹತ್ತಿರ ನಿಂತು, ಪ್ರತಿ ಲೋಡು ದಾಟಿದ ಮೇಲೆ ಅವನ ಸಲಾಕೆ ಚುಚ್ಚಿ ನೋಡಿದೆ. ಇಳಿಯಲಿಲ್ಲ. ಸೋಮವಾರ ಮಧ್ಯಾಹ್ನ ದೊಡ್ಡ ಯಂತ್ರ ಅಂಚೆ ಡಬ್ಬಗಳ ಪಕ್ಕದಲ್ಲಿ ನಿಂತೇ ಎಲ್ಲವನ್ನೂ ಚಕ್ಕೆ ಮಾಡಿತು. ನಮ್ಮ ಡಬ್ಬಗಳೊಳಗೆಲ್ಲ ಮರದ ಪುಡಿ ತುಂಬಿ, ನಾಲ್ಕು ಜನ ಅಧ್ಯಕ್ಷನಿಗೆ ಫೋನು ಮಾಡಿ ಬೈದರು. ಎಸ್ಕೊ ಎಣ್ಣೆ ಹಚ್ಚಲಿಲ್ಲ. ತೈಸ್ತೊನ ಕೆಲಸ ಇನ್ನೊಂದು ವರ್ಷಕ್ಕೆ ಉಳಿಯಿತು. ಮಾರನೆಯ ದಿನ ಯಂತ್ರ ಕಟ್ಟಿಕೊಂಡು, ಹಿಂದೆ ಕಾರುಗಳ ಸಾಲು ಕಟ್ಟಿಕೊಂಡು, ಇನ್ನೊಂದು ಕಾಡಿಗೆ ಹೊರಟುಹೋದ.

ಜೂನಿನಲ್ಲಿ ರಸ್ತೆ ಸಂಘದ ವಾರ್ಷಿಕ ಸಭೆ ನನ್ನ ಅಂಗಳದಲ್ಲಿ ನಡೆಯಿತು. ಹಿಮ ತೆಗೆಯುವವನ ಮೇಲೆ ದೂರು, ಜಲ್ಲಿಯ ವಿಷಯ, ಎಲ್ಲ ಮುಗಿಯಿತು. ಬೇರೆ ಏನಾದರೂ ಇದೆಯೇ ಎನ್ನುವಾಗ ತೈಸ್ತೊ ಎದ್ದು, ತನ್ನದೇ ಪ್ರಸ್ತಾಪ ಇರುವುದರಿಂದ ಅಧ್ಯಕ್ಷತೆಯನ್ನು ಉಪಾಧ್ಯಕ್ಷೆಗೆ ಬಿಟ್ಟುಕೊಡುತ್ತೇನೆ ಎಂದ. ಆಮೇಲೆ ಜೇಬಿನಿಂದ ಚೀಟಿ ತೆಗೆದು ಓದಿದ. ಬೋರ್ಡಿನ ನಿಯಮಕ್ಕೆ ಒಂದು ಸಾಲು ಸೇರಿಸಬೇಕು: 'ಅರ್ಜಿಗೆ ಇಲ್ಲ ಎಂದು ಬರೆಯುವವರು, ಸಾಮಾನನ್ನು ಬೇರೆ ಹೇಗೆ ತರಬಹುದು ಎನ್ನುವುದನ್ನೂ ಅದೇ ಕಾಗದದಲ್ಲಿ ಬರೆಯತಕ್ಕದ್ದು.' ಅವನು ಓದಿದ್ದು ನಾನು ಏಪ್ರಿಲ್ಲಿನಲ್ಲಿ ಬರೆದುಕೊಟ್ಟ ಕಾಗದದ ಹಿಂಬದಿಯಿಂದ. ನಾಲ್ಕು ಮಡಿಕೆಯ ಗುರುತು ನನಗೆ ಕಂಡಿತು.

ಹೊಸದಾಗಿ ಬೇಸಿಗೆ ಮನೆ ಕೊಂಡ ಪಟ್ಟಣದವನೊಬ್ಬ ಕೇಳಿದ, "ಇದೆಲ್ಲ ಯಾಕೆ ಬೇಕು ಈಗ?"

"ಪೆಂತ್ತಿಯ ದಿಮ್ಮಿಗಳಿಗೆ," ಎಂದು ತೈಸ್ತೊ ಕೂತ.

ವಿರೋಧ ಇದೆಯೇ ಎಂದು ಕೇಳುವುದು ಅಧ್ಯಕ್ಷತೆ ವಹಿಸಿದವರ ಕೆಲಸ. ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಒಪ್ಪಿಗೆ ಎಂದು ಬರೆದುಕೊಂಡೆ. ಆಮೇಲೆ ಕಾಫಿ ತಂದೆ. ಬನ್ನಿನ ತಟ್ಟೆಯನ್ನು ಎಲ್ಲರಿಗೂ ಹಿಡಿದು, ಕೊನೆಗೆ ಅವನ ಮುಂದೆಯೂ ಹಿಡಿದೆ. ಅವನು ಒಂದು ತೆಗೆದುಕೊಂಡ. ತಿನ್ನಲಿಲ್ಲ. ಸಭೆ ಮುಗಿದು ಎಲ್ಲರೂ ಹೋಗುವವರೆಗೂ ಅದನ್ನು ಕೈಯಲ್ಲೇ ಹಿಡಿದುಕೊಂಡು ಸೌನಾದ ಗೋಡೆ ನೋಡುತ್ತಾ ಕೂತಿದ್ದ. ಅಲ್ಲಿ ದಿಮ್ಮಿಗಳ ತುದಿಯಲ್ಲಿ ನಂಬರುಗಳು ಇನ್ನೂ ಅಳಿಸಿಲ್ಲ.